ಕಣಜ ತುಂಬಿದ ಮೇಲೆ ಶುರುವಾಗುವ ಆಟ: ಸೂಪರ್‌ಸೆಲ್‌ನ ‘ಹೇ ಡೇ’ ವಿಮರ್ಶೆ

‘ಹೇ ಡೇ’ಯಲ್ಲಿ ಬಲಿತು ನಿಂತ ಗೋಧಿಯನ್ನು ವಾರಗಟ್ಟಲೆ ಕೊಯ್ಯದೆ ಬಿಟ್ಟರೂ ಅದು ಒಣಗುವುದಿಲ್ಲ, ಉದುರುವುದಿಲ್ಲ. ಮೇವು ಹಾಕದ ಕೋಳಿ ಸಾಯುವುದಿಲ್ಲ. ಪರೀಕ್ಷೆಯೋ ಮದುವೆಯೋ ಬಂದು ಹದಿನೈದು ದಿನ ಫೋನ್ ಕಡೆ ನೋಡದಿದ್ದರೂ ಹೊಲ ಬಿಟ್ಟಲ್ಲೇ ಇರುತ್ತದೆ. ಮಣ್ಣಿನ ಕೆಲಸ ಬಲ್ಲವರಿಗೆ ಇದು ಎಲ್ಲಿಯೂ ಇಲ್ಲದ ಹೊಲ ಅನ್ನಿಸುವುದು ಸಹಜ. ಆದರೆ 2012ರ ಜೂನ್ 21ರಂದು ಐಫೋನ್ ಮತ್ತು ಐಪ್ಯಾಡ್‌ಗೆ, 2013ರ ನವೆಂಬರ್‌ನಲ್ಲಿ ಆಂಡ್ರಾಯ್ಡ್‌ಗೆ ಬಂದ ಈ ಆಟ ಇಷ್ಟು ವರ್ಷಗಳಾದರೂ ಬಾಡದೆ ಉಳಿದದ್ದಕ್ಕೆ ಮೊದಲ ಕಾರಣ ಇದೇ.

ಇದರ ಬೆಲೆ ತಿಳಿಯಬೇಕಾದರೆ ಅದಕ್ಕಿಂತ ಮೂರು ವರ್ಷ ಹಿಂದೆ ಹೋಗಬೇಕು. 2009ರ ಜೂನ್‌ನಲ್ಲಿ ಅಮೆರಿಕದ ಜಿಂಗಾ ಕಂಪನಿ ಫೇಸ್‌ಬುಕ್‌ನಲ್ಲಿ ‘ಫಾರ್ಮ್‌ವಿಲ್’ ತಂದಿತು. ಅಲ್ಲಿ ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬೆಳೆ ಬಾಡಿಹೋಗುತ್ತಿತ್ತು. ಜನ ಮತ್ತೆ ಮತ್ತೆ ಬರುತ್ತಿದ್ದುದರಲ್ಲಿ ನಷ್ಟದ ಭಯದ ಪಾಲು ದೊಡ್ಡದು. ಇನ್ನೊಂದು ಎಳೆತ ಸ್ನೇಹಿತರ ಕೋರಿಕೆಗಳದು. ಆಡದವರ ಫೇಸ್‌ಬುಕ್ ಗೋಡೆಯೂ ಹಸು, ಕೊಟ್ಟಿಗೆಗಳ ಬೇಡಿಕೆಯಿಂದ ತುಂಬುತ್ತಿತ್ತು. 2010ರಲ್ಲಿ ಫೇಸ್‌ಬುಕ್ ಆ ದಾರಿಗಳನ್ನು ಬಿಗಿ ಮಾಡಿದಾಗ, ಇನ್ನೊಬ್ಬರ ಜಾಗದಲ್ಲಿ ಅಂಗಡಿ ಹಾಕಿದವರ ಕಷ್ಟ ಎಲ್ಲರಿಗೂ ಕಂಡಿತು. ಅದೇ ವರ್ಷ ಜಿಂಗಾ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಮುಂದೆ ನಗರದ ಮೂನ್‌ಫ್ರಾಗ್ ಲ್ಯಾಬ್ಸ್ ಎಂಬ ಆಟದ ಕಂಪನಿ ಕಟ್ಟಿದವರು ಅಲ್ಲಿ ಕೆಲಸ ಮಾಡಿ ಹೊರಬಂದವರೇ. ಹೆಸರಾಂತ ಆ ‘ಫಾರ್ಮ್‌ವಿಲ್’ ಫೇಸ್‌ಬುಕ್‌ನಲ್ಲಿ 2020ರ ಡಿಸೆಂಬರ್ 31ಕ್ಕೆ ನಿಂತಿತು. ಅದಕ್ಕೆ ಆಧಾರವಾಗಿದ್ದ ಫ್ಲ್ಯಾಶ್ ತಂತ್ರಜ್ಞಾನಕ್ಕೂ ಅದೇ ಕೊನೆಯ ದಿನ.

ಸೂಪರ್‌ಸೆಲ್ ಕೂಡ ಶುರುವಾದದ್ದು ಬ್ರೌಸರ್ ಆಟದಿಂದಲೇ. ಇಲ್ಕಾ ಪಾನನೆನ್, ಮಿಕ್ಕೊ ಕೊಡಿಸೊಯಾ ಮತ್ತು ಜೊತೆಗಾರರು 2010ರಲ್ಲಿ ಫಿನ್ಲೆಂಡ್‌ನಲ್ಲಿ ಕಂಪನಿ ಕಟ್ಟಿದರು. ಹೆಲ್ಸಿಂಕಿ ಪಕ್ಕದ ಎಸ್ಪೊ ನಗರದಲ್ಲಿ ಸುಮಾರು 30 ಚದರ ಮೀಟರ್‌ನ ಕೋಣೆ, ಅದರಲ್ಲಿ ಹದಿನೈದು ಜನ. ಸ್ಥಾಪಕರು ಹಾಕಿದ್ದು 2.5 ಲಕ್ಷ ಯೂರೊ. ಸರ್ಕಾರಿ ಸಂಸ್ಥೆ ಟೆಕೆಸ್ ಕೊಟ್ಟ ಸಾಲ 4 ಲಕ್ಷ ಯೂರೊ. ಮೊದಲ ಆಟ ‘ಗನ್‌ಶೈನ್’ ಫೇಸ್‌ಬುಕ್ ಮತ್ತು ಬ್ರೌಸರ್‌ನಲ್ಲಿ ಓಡಿತು, ಲಕ್ಷಾಂತರ ಜನರನ್ನೂ ಕಂಡಿತು. ಆದರೆ ಬಂದವರು ಬಹಳ ತಿಂಗಳು ಉಳಿಯಲಿಲ್ಲ. 2011ರ ಕೊನೆಯ ಹೊತ್ತಿಗೆ ಅದರ ಮೇಲಿನ ಕೆಲಸ ಕೈಬಿಟ್ಟು, ‘ಮೊದಲು ಟ್ಯಾಬ್ಲೆಟ್’ ಎಂದು ತೀರ್ಮಾನಿಸಿ, ಐದಾರು ಜನರ ಪುಟ್ಟ ತಂಡಗಳಾಗಿ ಒಡೆದುಕೊಂಡರು. ಈ ತಂಡಕ್ಕೆ ಅವರಿಟ್ಟ ಹೆಸರು ‘ಸೆಲ್’, ಜೀವಕೋಶ. ಅಂಥ ಎರಡು ಸೆಲ್‌ಗಳಿಂದ 2012ರ ಜೂನ್‌ನಲ್ಲಿ ‘ಹೇ ಡೇ’, ಆಗಸ್ಟ್‌ನಲ್ಲಿ ‘ಕ್ಲ್ಯಾಶ್ ಆಫ್ ಕ್ಲಾನ್ಸ್’ ಹೊರಬಂದವು.

ಕಂಪನಿಯ ಕಥೆ ಹೇಳುವವರು ಸಾಮಾನ್ಯವಾಗಿ ಕ್ಲ್ಯಾಶ್ ಹಿಡಿದುಕೊಳ್ಳುತ್ತಾರೆ, ಹಣ ಹೆಚ್ಚು ಬಂದದ್ದು ಅದರಿಂದ ಎಂದು. ಸೂಪರ್‌ಸೆಲ್‌ನ ಕೈಚಳಕ ತಿಳಿಯಲು ಹೇ ಡೇಯೇ ಒಳ್ಳೆಯ ಪಠ್ಯ. ಮೊದಲ ನಿಮಿಷದಲ್ಲೇ ಅದು ಬೆರಳಿಗೆ ಗೊತ್ತಾಗುತ್ತದೆ. ಮೌಸ್‌ನ ಕಾಲದಲ್ಲಿ ಹೊಲದ ಒಂದೊಂದು ಚೌಕವನ್ನೂ ಬೇರೆ ಬೇರೆ ಒತ್ತಬೇಕಿತ್ತು. ಇಲ್ಲಿ ಚೌಕ ಮುಟ್ಟಿದರೆ ಕುಡುಗೋಲು ಬರುತ್ತದೆ. ಅದನ್ನು ಹಿಡಿದು ಬೆರಳು ಎತ್ತದೆ ಸಾಲಿನುದ್ದಕ್ಕೂ ಎಳೆದರೆ ಇಡೀ ಹೊಲ ಕೊಯ್ಲಾಗುತ್ತದೆ. ಬಿತ್ತನೆಯೂ ಹಾಗೆಯೇ. ಗಾಜಿನ ಪರದೆಗೆಂದೇ ಹುಟ್ಟಿದ ಈ ಚಲನೆಯನ್ನು ಆಮೇಲೆ ಬಂದ ಹೊಲದಾಟಗಳು ಎರವಲು ಪಡೆದವು.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಕಾಳು ಬಿತ್ತಿದರೆ ಎರಡು ಬರುತ್ತದೆ, ಯಾವ ಬೆಳೆಗೂ ಇದೇ ನಿಯಮ. ಗೋಧಿಗೆ 2 ನಿಮಿಷ, ಮೆಕ್ಕೆಜೋಳಕ್ಕೆ 5, ಕ್ಯಾರೆಟ್‌ಗೆ 10, ಸೋಯಾಕ್ಕೆ 20, ಕಬ್ಬಿಗೆ 30 ನಿಮಿಷ. ನೀಲಿ ಗಿಡಕ್ಕೆ 2 ಗಂಟೆ, ಕುಂಬಳಕ್ಕೆ 3, ಟೊಮೆಟೊಗೆ 6, ಸ್ಟ್ರಾಬೆರಿಗೆ 8. ದಿನವನ್ನು ಹೀಗೆ ಹಂಚಿಕೊಳ್ಳಿ: ಆಡುತ್ತಾ ಕುಳಿತಿರುವಾಗ ಗೋಧಿ, ಜೋಳ, ಕೆಲಸಕ್ಕೆ ಹೊರಡುವಾಗ ನೀಲಿ, ಕುಂಬಳ, ಮಲಗುವಾಗ ಟೊಮೆಟೊ, ಸ್ಟ್ರಾಬೆರಿ. ಹೊಸಬರು ಮಾಡುವ ಮೊದಲ ತಪ್ಪು, ಒಂದು ಬೆಳೆಯನ್ನು ಪೂರ್ತಿ ಮಾರಿ ಅಥವಾ ಅರೆದು ಮುಗಿಸಿಬಿಡುವುದು. ಬಿತ್ತನೆಗೆ ಕಾಳೇ ಇಲ್ಲದಿದ್ದರೆ ಆಟ ವಜ್ರ ಕೇಳುತ್ತದೆ; ಅದು ಆಟದೊಳಗಿನ ವಿರಳ ಹಣ, ನಿಜವಾದ ದುಡ್ಡಿಗೂ ಸಿಗುತ್ತದೆ. ಬಿತ್ತನೆ ಬೀಜವನ್ನು ಬೇಯಿಸಿ ತಿನ್ನಬಾರದೆಂಬ ನಮ್ಮ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ: ಪ್ರತಿ ಬೆಳೆಯಲ್ಲೂ ಹತ್ತು ಕಾಳು ಸದಾ ಮೀಸಲಿರಲಿ.

ಮೇವಿನ ಗಿರಣಿಯ ಲೆಕ್ಕವೂ ಸರಳ. ಎರಡು ಗೋಧಿ, ಒಂದು ಜೋಳ ಹಾಕಿದರೆ ಐದು ನಿಮಿಷದಲ್ಲಿ ಮೂರು ಪಾಲು ಕೋಳಿ ಮೇವು. ಒಂದು ಗೂಡಿನಲ್ಲಿ ಆರು ಕೋಳಿ, ಅಂದರೆ ಒಂದು ಸುತ್ತಿಗೆ ನಾಲ್ಕು ಗೋಧಿ, ಎರಡು ಜೋಳ. ಇಪ್ಪತ್ತು ನಿಮಿಷಕ್ಕೆ ಆರು ಮೊಟ್ಟೆ. ಹಸುವಿನ ಮೇವಿಗೆ ಎರಡು ಸೋಯಾ, ಒಂದು ಜೋಳ. ಹಾಲಿಗೆ ಒಂದು ಗಂಟೆ. ಆಮೇಲೆ ಸರಪಳಿ ಉದ್ದವಾಗುತ್ತಾ ಹೋಗುತ್ತದೆ. ಒಂದು ಹಾಲಿನಿಂದ ಕೆನೆ 20 ನಿಮಿಷ, ಎರಡರಿಂದ ಬೆಣ್ಣೆ 30 ನಿಮಿಷ, ಮೂರರಿಂದ ಚೀಸ್ ಒಂದು ಗಂಟೆ. ಕಬ್ಬಿನಿಂದ ಕಂದು ಸಕ್ಕರೆ, ಬಿಳಿ ಸಕ್ಕರೆ, ಪಾಕ. ಕೇಕು, ಪೈ, ಐಸ್‌ಕ್ರೀಮ್ ಎಲ್ಲಕ್ಕೂ ಇವೇ ಬೇಕು. ಹಾಗಾಗಿ ಕೆಲಸ ತಡೆದು ನಿಲ್ಲುವುದು ಹೆಚ್ಚಾಗಿ ಎರಡೇ ಕಡೆ, ಡೈರಿಯಲ್ಲಿ ಮತ್ತು ಸಕ್ಕರೆ ಗಿರಣಿಯಲ್ಲಿ. ಇವೆರಡನ್ನು ಒಂದು ಗಳಿಗೆಯೂ ಖಾಲಿ ಬಿಡಬೇಡಿ. ಯಂತ್ರ ಓಡಿದಷ್ಟೂ ಅದರ ನಕ್ಷತ್ರಗಳು ಏರುತ್ತವೆ. ಮೂರನೆಯ ನಕ್ಷತ್ರ ಬಂದ ಮೇಲೆ ಆ ಯಂತ್ರ ಶೇ 15ರಷ್ಟು ಬೇಗ ಕೆಲಸ ಮುಗಿಸುತ್ತದೆ.

ಆಟದ ನಿಜವಾದ ಬಿಗಿ ಇರುವುದು ಕಾಲದಲ್ಲಿ ಅಲ್ಲ, ಜಾಗದಲ್ಲಿ. ಕಾಳಿಗೆ ಒಂದು ಕಣಜ, ಉಳಿದೆಲ್ಲಕ್ಕೂ ಒಂದು ಉಗ್ರಾಣ. ಎರಡಕ್ಕೂ ಮೊದಲಿಗೆ 50ರ ಮಿತಿ. ಕಣಜ ದೊಡ್ಡದು ಮಾಡಲು ಮೊಳೆ, ಸ್ಕ್ರೂ, ಮರದ ಫಲಕ ಬೇಕು. ಉಗ್ರಾಣಕ್ಕೆ ಬೋಲ್ಟ್, ಹಲಗೆ, ಟೇಪು. ಮೂರೂ ಒಂದೇ ಸಂಖ್ಯೆಯಲ್ಲಿ ಬೇಕು. ಪ್ರತಿ ವಿಸ್ತರಣೆಗೂ ಬೇಡಿಕೆ ಏರುತ್ತದೆ. ಹೊಲದ ಗಡಿ ಹೆಚ್ಚಿಸಲು ಬೇಕಾದ ಸುತ್ತಿಗೆ, ಗೂಟ, ಭೂಪತ್ರಗಳದ್ದು ಬೇರೆಯೇ ಲೆಕ್ಕ. ಇವು ಯಾವುವೂ ಯಂತ್ರದಲ್ಲಿ ತಯಾರಾಗುವುದಿಲ್ಲ. ಕೊಯ್ಲು ಮಾಡುವಾಗ, ಮೊಟ್ಟೆ ಹಾಲು ತೆಗೆಯುವಾಗ ಅದೃಷ್ಟವಿದ್ದಂತೆ ಒಂದೊಂದು ಉದುರುತ್ತವೆ. ಇಷ್ಟರ ಮೇಲೆ ಈ ಸಾಮಾನುಗಳು ಕೂರುವುದೂ ಉಗ್ರಾಣದ ಒಳಗೇ. ಹಲಗೆ ಹದಿನೈದಿದೆ, ಟೇಪು ಎರಡೇ ಇದೆ; ಹಲಗೆ ಜಾಗ ತಿನ್ನುತ್ತಾ ಕೂತಿದೆ, ಟೇಪು ಬಾರದೆ ಉಗ್ರಾಣ ಬೆಳೆಯದು. ಹೇ ಡೇ ಆಡುವ ಪ್ರತಿಯೊಬ್ಬರಿಗೂ ಈ ಸಂಕಟ ಗೊತ್ತು. ಸೂಪರ್‌ಸೆಲ್ ದುಡ್ಡು ಕೇಳುವುದೂ ಬಹುತೇಕ ಇಲ್ಲೇ. ಬೆಳೆ ಬಾಡುವ ಭಯ ತೆಗೆದು ಹಾಕಿದ ಮೇಲೆ ಬಿಗಿ ಎಲ್ಲಾದರೂ ಇರಲೇಬೇಕಲ್ಲ. ಅದನ್ನು ಗೋದಾಮಿನ ಬಾಗಿಲಿಗೆ ತಂದಿಟ್ಟಿದ್ದಾರೆ. ಇದು ಜಾಣತನದ ವಿನ್ಯಾಸ, ಮತ್ತು ನಮ್ಮ ಮಟ್ಟಿಗೆ ನ್ಯಾಯವಾದದ್ದು ಕೂಡ: ಇರುವುದನ್ನು ಕಳೆದುಕೊಳ್ಳುವ ನೋವು ಇಲ್ಲ, ಬರಬೇಕಾದದ್ದು ತಡವಾಗುತ್ತದೆ, ಅಷ್ಟೇ.

ಇದನ್ನು ದುಡ್ಡಿಲ್ಲದೆ ದಾಟುವ ಹಳೆಯ ಉಪಾಯ ಗೋಧಿ. ಬೆಲೆಬಾಳುವ ಬೆಳೆ ಕೊಯ್ದರೆ ಸಾಮಾನು ಹೆಚ್ಚು ಉದುರುತ್ತದೆ ಎಂದೇನಿಲ್ಲ. ಎಣಿಕೆಗೆ ಬರುವುದು ಎಷ್ಟು ಸಲ ಕೊಯ್ದಿರಿ ಎಂಬುದು. ಎರಡೇ ನಿಮಿಷಕ್ಕೆ ಬರುವ ಗೋಧಿಯನ್ನು ಇಡೀ ಹೊಲಕ್ಕೆ ಬಿತ್ತಿ, ಕೊಯ್ದು, ಮತ್ತೆ ಬಿತ್ತುತ್ತಾ ಅರ್ಧ ಗಂಟೆ ಕುಳಿತರೆ ಹದಿನಾಲ್ಕು ಹದಿನೈದು ಕೊಯ್ಲಾಗುತ್ತದೆ. ಹೆಚ್ಚಾದ ಗೋಧಿಯನ್ನು ಹತ್ತರ ಗಂಟುಗಳಾಗಿ ರಸ್ತೆಬದಿಯ ಅಂಗಡಿಯಲ್ಲಿ ಒಂದು ನಾಣ್ಯಕ್ಕೆ ಇಟ್ಟರೂ ಚಿಂತೆಯಿಲ್ಲ. ಹತ್ತು ಗೋಧಿಗೆ ಗರಿಷ್ಠ ಬೆಲೆ 36 ನಾಣ್ಯ ಮಾತ್ರ, ಅದಕ್ಕಾಗಿ ಕಾಯುತ್ತಾ ಜಾಗ ಕಟ್ಟಿಕೊಳ್ಳುವುದು ನಷ್ಟ. ಗೋಧಿಯಿಂದ ಸಿಗುವ ಅನುಭವದ ಅಂಕ ತೀರಾ ಕಡಿಮೆ, ಆದ್ದರಿಂದ ಹಂತವೂ ಬೇಗ ಏರುವುದಿಲ್ಲ. ಅದು ಒಳ್ಳೆಯದೇ.

ಒಳ್ಳೆಯದು ಹೇಗೆ ಎಂದರೆ, ಬೇಗ ಬೇಗ ಹಂತ ಏರುವುದು ಈ ಆಟದಲ್ಲಿ ಅತಿ ಹೆಚ್ಚು ಹೊಲ ಕೆಡಿಸಿದ ತಪ್ಪು. ಪ್ರತಿ ಹಂತಕ್ಕೂ ಹೊಸ ಬೆಳೆ, ಹೊಸ ಯಂತ್ರ, ಹೊಸ ತಿನಿಸು ತೆರೆದುಕೊಳ್ಳುತ್ತವೆ. ನಿಮ್ಮ ಸರಕು ಒಯ್ಯುವ ಲಾರಿ ಮತ್ತು ದೋಣಿಯ ಬೇಡಿಕೆಗಳಲ್ಲಿ ಅವೂ ಸೇರಿಕೊಳ್ಳುತ್ತವೆ. ಉಗ್ರಾಣ ಮಾತ್ರ ಹಿಂದಿನಷ್ಟೇ. 40ನೇ ಹಂತದಲ್ಲಿ 150ರ ಉಗ್ರಾಣ ಇಟ್ಟುಕೊಂಡವರು ಪ್ರತಿ ಸರಕಿನಲ್ಲಿ ಎರಡೆರಡು ಇಟ್ಟರೂ ಬಾಗಿಲು ಮುಚ್ಚುವುದಿಲ್ಲ. ಆಟ ಸಾಕೆನಿಸಿ ಬಿಟ್ಟುಬಿಡುತ್ತಾರೆ, ಇಲ್ಲವೇ ದುಡ್ಡು ಕೊಡುತ್ತಾರೆ. ಲಾರಿಯ ಬೇಡಿಕೆಗಳನ್ನೆಲ್ಲ ಪೂರೈಸಲೇಬೇಕೆಂದಿಲ್ಲ. ನಾಣ್ಯ ಕಡಿಮೆ, ಅಂಕ ಹೆಚ್ಚು ಇರುವ ಚೀಟಿಯನ್ನು ಧಾರಾಳವಾಗಿ ಹರಿದೆಸೆಯಿರಿ, ಸ್ವಲ್ಪ ಹೊತ್ತಿಗೆ ಬೇರೆಯದು ಬರುತ್ತದೆ. ಅಂಗಳಕ್ಕೆ ಬಂದು ಸರಕು ಕೇಳುವವರಿಗೂ ಇಲ್ಲ ಎನ್ನಬಹುದು, ಯಾವ ದಂಡವೂ ಇಲ್ಲ.

ರಸ್ತೆಬದಿಯ ಅಂಗಡಿ 7ನೇ ಹಂತಕ್ಕೆ ತೆರೆಯುತ್ತದೆ. ಈ ಆಟವನ್ನು ‘ಸೋಷಿಯಲ್’ ಎನ್ನಲು ನಿಜವಾದ ಆಧಾರ ಅದೇ. ನೀವಿಟ್ಟ ಸರಕಿನ ಜಾಹೀರಾತು ಆಟದೊಳಗಿನ ಪತ್ರಿಕೆಯಲ್ಲಿ ಬರುತ್ತದೆ. ಯಾವುದೋ ದೇಶದ ಆಟಗಾರರು ನಿಮ್ಮ ಹೊಲಕ್ಕೆ ಬಂದು ಕೊಂಡು ಹೋಗುತ್ತಾರೆ. ಯಾರಿಗೂ ಕೋರಿಕೆ ಕಳಿಸಬೇಕಿಲ್ಲ, ಪೀಡಿಸಬೇಕಿಲ್ಲ. ಒಂದು ಊರಿನ ಸಂತೆಯಲ್ಲಿ ಹೆಸರು ಗೊತ್ತಿಲ್ಲದವರೂ ಒಬ್ಬರಿಗೊಬ್ಬರು ಬೇಕಾಗುವಂತೆ ಇಲ್ಲೂ ಆಗುತ್ತದೆ. ಪುಕ್ಕಟೆ ಜಾಹೀರಾತು ಐದು ನಿಮಿಷಕ್ಕೊಂದು. ಒಂದು ಜಾಹೀರಾತಿಗೆ ಬಂದವರು ಅಂಗಡಿಯಲ್ಲಿರುವ ಉಳಿದದ್ದನ್ನೂ ನೋಡುತ್ತಾರೆ, ಹಾಗಾಗಿ ಎಲ್ಲರೂ ಹುಡುಕುವ ಒಂದು ಸರಕನ್ನು ಮುಂದಿಟ್ಟು ಜಾಹೀರಾತು ಹಾಕಿ. ಬೆಲೆ ಹಾಕುವ ಮುಂಚೆ ಎರಡು ಸಲ ನೋಡಿ, ಅಂಗಡಿಗಿಟ್ಟದ್ದನ್ನು ವಾಪಸ್ ತೆಗೆಯಲು ಒಂದು ವಜ್ರ ಬೇಕು. ಬೋಲ್ಟ್, ಟೇಪುಗಳಿಗಾಗಿ ಪತ್ರಿಕೆ ತಿರುವುತ್ತಲೇ ಇರುವವರು ಬಹಳ ಜನ, ಕಂಡ ಕ್ಷಣಕ್ಕೆ ಹೋಗದಿದ್ದರೆ ಮಾರಾಟವಾಗಿರುತ್ತದೆ. ನಿಮ್ಮಲ್ಲಿ ಹೆಚ್ಚಾದ ಹಲಗೆಯನ್ನು ಮಾರಿ, ಆ ನಾಣ್ಯದಿಂದ ಟೇಪು ಹುಡುಕುವುದು ಉಗ್ರಾಣ ಬೆಳೆಸುವ ನೇರ ದಾರಿ.

ನೆರೆಹೊರೆ ಎಂದರೆ 30 ಜನರವರೆಗಿನ ಗುಂಪು. ಸಾಮಾನು ಅದಲುಬದಲು, ದೋಣಿ ತುಂಬಿಸಲು ಸಹಾಯ, ಮಾತುಕತೆ ಎಲ್ಲ ಅಲ್ಲಿ. ಮಂಗಳವಾರ ಮಂಗಳವಾರ ಡರ್ಬಿ, ಅಂದರೆ ಗುಂಪುಗಳ ನಡುವಿನ ಪೈಪೋಟಿ, ಶುರು. ಕೆಲಸಗಳ ಪಟ್ಟಿಯಿಂದ ಒಂದನ್ನು ಆರಿಸಿಕೊಂಡು ಮುಗಿಸಿದರೆ ಗುಂಪಿಗೆ ಅಂಕ, ಒಂದು ಕೆಲಸಕ್ಕೆ ಹೆಚ್ಚೆಂದರೆ 320. ಗಟ್ಟಿ ಗುಂಪುಗಳು 320ಕ್ಕಿಂತ ಕಡಿಮೆಯದನ್ನು ಮುಟ್ಟಲು ಬಿಡುವುದಿಲ್ಲ. ಒಪ್ಪಿಕೊಂಡ ಕೆಲಸ ಮುಗಿಸದೆ ಬಿಟ್ಟರೆ ಬೇಸರ ಮಾಡಿಕೊಳ್ಳುತ್ತವೆ. ಬಿಡುವು ಕಡಿಮೆ ಇರುವವರು ಡರ್ಬಿಯಿಂದ ಹೊರಗುಳಿಯುವ ಆಯ್ಕೆಯನ್ನು ಬಳಸಿ. ಆಟದ ಉಳಿದ ಭಾಗದಲ್ಲಿರುವ ನಿಧಾನ ಡರ್ಬಿಯಲ್ಲಿ ಇಲ್ಲ, ಇದನ್ನು ಕೊರತೆ ಎಂದೇ ಹೇಳಬೇಕು.

ವಜ್ರಗಳ ವಿಷಯ. ಸಾಧನೆಗಳಿಗೆ, ಹಂತ ಏರಿದ್ದಕ್ಕೆ, ಗಣಿಯಲ್ಲಿ, ಜಾಹೀರಾತು ನೋಡಿದ್ದಕ್ಕೆ ಒಂದಿಷ್ಟು ಸಿಗುತ್ತವೆ. ಬೆಳೆ ಬೇಗ ಬರಲಿ, ಕೇಕು ಬೇಗ ಬೇಯಲಿ ಎಂದು ಅವನ್ನು ಸುರಿಯುವುದು ನೀರಿಗೆ ಹಾಕಿದ ಹಾಗೆ, ಎರಡು ಗಂಟೆಯ ಕೆಲಸ ಎರಡು ಗಂಟೆಗೆ ತಾನಾಗಿಯೇ ಆಗುತ್ತದೆ. ಯಂತ್ರಗಳ ಸರದಿಗೆ ಖಾನೆ ಸೇರಿಸಿದರೆ ಅದು ಶಾಶ್ವತ. ಮೊದಲಿಗೆ ಯಂತ್ರಕ್ಕೆ ಎರಡು ಖಾನೆ. ಮೂರನೆಯದಕ್ಕೆ 6 ವಜ್ರ, ಮುಂದಿನವು ದುಬಾರಿಯಾಗುತ್ತಾ ಹೋಗುತ್ತವೆ. ಡೈರಿ, ಸಕ್ಕರೆ ಗಿರಣಿ, ಮೇವಿನ ಗಿರಣಿ, ಈ ಕ್ರಮದಲ್ಲಿ ಮಾಡಿ. ರಾತ್ರಿ ಮಲಗಿರುವಾಗ ಆರು ಖಾನೆಯ ಡೈರಿ ಆರು ಚೀಸ್ ಮಾಡಿ ಮುಗಿಸಿರುತ್ತದೆ, ಎರಡೇ ಖಾನೆ ಇದ್ದರೆ ಎರಡು ಗಂಟೆಗೆ ಕೆಲಸ ನಿಂತು ಬೆಳಗಿನವರೆಗೆ ಖಾಲಿ. ದುಡ್ಡು ಕೊಡಲೇಬೇಕೆನಿಸಿದರೆ ಬಿಡಿ ವಜ್ರಗಳ ಮೂಟೆಗಿಂತ ಆಡಿದಂತೆಲ್ಲ ಬಹುಮಾನ ತೆರೆಯುವ ಫಾರ್ಮ್ ಪಾಸ್ ವಾಸಿ, ಅದೂ ದಿನವೂ ಆಡುವವರಿಗೆ ಮಾತ್ರ.

ಮಕ್ಕಳ ಕೈಗೆ ಕೊಡುವವರು ಮೊದಲು ಗೂಗಲ್ ಪ್ಲೇಯಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಡಿ. ಯುಪಿಐ, ಕಾರ್ಡು ಅಲ್ಲಿ ಜೋಡಿಸಿದ್ದರೆ ಇದು ತಪ್ಪಿಸಲಾಗದ ಕೆಲಸ. ಐಫೋನ್‌ನಲ್ಲಿ ಸ್ಕ್ರೀನ್ ಟೈಮ್‌ಗೆ ಹೋಗಿ ಆಟದೊಳಗಿನ ಖರೀದಿಯನ್ನೇ ಮುಚ್ಚಬಹುದು. ಇದು ಹಣ ಪಣಕ್ಕಿಟ್ಟು ಹಣ ಗೆಲ್ಲುವ ಆಟವಲ್ಲ; 2025ರ ಕೇಂದ್ರ ಕಾಯ್ದೆ ನಿಷೇಧಿಸಿದ ಬಗೆಗೂ ಇದಕ್ಕೂ ಸಂಬಂಧವಿಲ್ಲ. ಹಾಗೆಂದು ಇಲ್ಲಿ ಹಾಕಿದ ಹಣ ಯಾವ ರೂಪದಲ್ಲೂ ವಾಪಸ್ ಬಾರದು ಎಂಬುದೂ ನೆನಪಿರಲಿ. ಹೊರಗಿನವರು ಅಗ್ಗಕ್ಕೆ ನಾಣ್ಯ, ವಜ್ರ ಮಾರುತ್ತೇವೆಂದರೆ ಹತ್ತಿರ ಹೋಗಬೇಡಿ, ಖಾತೆಯೇ ಬಂದ್ ಆಗುತ್ತದೆ. ಶುರುವಿನಲ್ಲೇ ಸೂಪರ್‌ಸೆಲ್ ಐಡಿ ಮಾಡಿ ಇಮೇಲ್ ಜೋಡಿಸಿ. ಫೋನ್ ಕಳೆದರೆ, ಕೆಟ್ಟರೆ ಹೊಲ ಮರಳಿ ಸಿಗಲು ಅದೇ ಭದ್ರವಾದ ದಾರಿ. ನೆಟ್ ಇಲ್ಲದೆ ಆಟ ತೆರೆಯುವುದೇ ಇಲ್ಲ.

ಇಂಥ ಆಟಗಳ ಬೆನ್ನ ಮೇಲೆ ಕಂಪನಿ ಬೆಳೆದ ಬಗೆಗೆ ಅಂಕಿಗಳೇ ಸಾಕ್ಷಿ. 2012ರಲ್ಲಿ 10.1 ಕೋಟಿ ಡಾಲರ್ ವರಮಾನ, ಮರುವರ್ಷ 89.2 ಕೋಟಿ. ಆಗ ಕೈಯಲ್ಲಿದ್ದದ್ದು ಎರಡೇ ಆಟ. 2013ರ ಅಕ್ಟೋಬರ್‌ನಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಮತ್ತು ಗಂಗ್‌ಹೋ ಸೇರಿ ಶೇ 51 ಪಾಲನ್ನು 150 ಕೋಟಿ ಡಾಲರ್‌ಗೆ ಕೊಂಡವು. 2014ರಲ್ಲಿ ‘ಬೂಮ್ ಬೀಚ್’, 2016ರ ಮಾರ್ಚ್‌ನಲ್ಲಿ ‘ಕ್ಲ್ಯಾಶ್ ರೊಯಾಲ್’ ಬಂದವು. ಅದೇ ವರ್ಷ ಜೂನ್‌ನಲ್ಲಿ ಚೀನಾದ ಟೆನ್‌ಸೆಂಟ್ ಮುಂದಾಳುತನದ ಗುಂಪು ಶೇ 84.3 ಪಾಲಿಗೆ 860 ಕೋಟಿ ಡಾಲರ್ ಕೊಟ್ಟಿತು. ಆಗ ಇಡೀ ಕಂಪನಿಯಲ್ಲಿ ಇದ್ದವರು ಇನ್ನೂರಕ್ಕಿಂತ ಕಡಿಮೆ ಜನ. ಮಾಲೀಕರು ಬದಲಾದರೂ ತೀರ್ಮಾನಗಳು ಹೆಲ್ಸಿಂಕಿಯಲ್ಲೇ ಉಳಿದವು. ಪಾನನೆನ್, ಕೊಡಿಸೊಯಾ ಫಿನ್ಲೆಂಡ್‌ನ ಅತಿ ಹೆಚ್ಚು ತೆರಿಗೆ ಕಟ್ಟಿದವರ ಪಟ್ಟಿಯ ತುದಿಗೆ ಬಂದರು. ಸರ್ಕಾರಿ ಸಂಸ್ಥೆಯ 4 ಲಕ್ಷ ಯೂರೊ ಸಾಲ ಎಂಥ ಬೆಳೆ ಕೊಟ್ಟಿತು ಎಂದು ನಮ್ಮ ಕಡೆಯ ನವೋದ್ಯಮ ನಿಧಿಗಳನ್ನು ನಡೆಸುವವರು ಗಮನಿಸಬೇಕು.

ಬೆಳವಣಿಗೆಯ ಇನ್ನೊಂದು ಮುಖ ಕೊಂದ ಆಟಗಳದ್ದು. ಅಲ್ಲಿ ಆಟ ನಿಲ್ಲಿಸುವ ತೀರ್ಮಾನ ಆಯಾ ಸೆಲ್‌ನದೇ, ಮೇಲಿನವರದ್ದಲ್ಲ. ನಿಲ್ಲಿಸಿದಾಗ ಕಲಿತದ್ದಕ್ಕೆ ಶಾಂಪೇನ್ ತೆರೆಯುವ ರೂಢಿ ಇದೆ. ಕೆನಡಾದಂಥ ಒಂದೆರಡು ದೇಶಗಳಲ್ಲಿ ಮೊದಲು ಬಿಟ್ಟು, ಜನ ಎಷ್ಟು ದಿನ ಉಳಿಯುತ್ತಾರೆ ಎಂದು ನೋಡಿ, ಸಾಲದಿದ್ದರೆ ಮುಚ್ಚುತ್ತಾರೆ. ‘ಸ್ಮ್ಯಾಶ್ ಲ್ಯಾಂಡ್’, ‘ರಶ್ ವಾರ್ಸ್’, ‘ಹೇ ಡೇ ಪಾಪ್’ ಹಾಗೆ ಹೋದವು. ‘ಬ್ರಾಲ್ ಸ್ಟಾರ್ಸ್’ ಮಾತ್ರ 2017ರ ಜೂನ್‌ನಿಂದ ಒಂದೂವರೆ ವರ್ಷ ಪರೀಕ್ಷೆಯಲ್ಲೇ ಕೊರಗಿ, ನಿಂತ ಪರದೆಯಿಂದ ಮಲಗಿದ ಪರದೆಗೆ ಬದಲಾಗಿ, 2018ರ ಡಿಸೆಂಬರ್‌ನಲ್ಲಿ ಹೊರಬಂತು. 2023ರಲ್ಲಿ 170 ಕೋಟಿ ಯೂರೊ ಇದ್ದ ಕಂಪನಿಯ ವರಮಾನ 2024ರಲ್ಲಿ 280 ಕೋಟಿಗೆ ಜಿಗಿಯಲು ಮುಖ್ಯ ಕಾರಣ ಆ ಆಟವೇ.

ಕಂಪನಿಗೆ ಶಿಸ್ತಾಗಿ ಕಾಣುವುದು ಆಟಗಾರರಿಗೆ ಪೆಟ್ಟು. ‘ಎವರ್‌ಡೇಲ್’ ಎಂಬ ಹಳ್ಳಿ ಕಟ್ಟುವ ಆಟದಲ್ಲಿ ಯುದ್ಧವೇ ಇರಲಿಲ್ಲ, ಕಣಿವೆಯ ಜನ ಕೂಡಿ ದುಡಿಯುವುದೇ ಆಟ. ಹೇ ಡೇ ಇಷ್ಟಪಟ್ಟವರಿಗೆ ಅದಕ್ಕಿಂತ ಹತ್ತಿರದ್ದು ಇನ್ನೊಂದಿರಲಿಲ್ಲ. 2022ರಲ್ಲಿ ಅದನ್ನು ಮುಚ್ಚಿದರು. 2024ರ ಮೇಯಲ್ಲಿ ಭಾರಿ ಪ್ರಚಾರದೊಂದಿಗೆ ಬಿಟ್ಟ ‘ಸ್ಕ್ವಾಡ್ ಬಸ್ಟರ್ಸ್’ ನಿಲ್ಲಿಸುತ್ತೇವೆಂದು 2025ರಲ್ಲಿ ಹೇಳಿದರು. ಹಾಗಾಗಿ ಈ ಕಂಪನಿಯ ಹೊಸ ಆಟಕ್ಕೆ ಮೊದಲ ಎರಡು ವರ್ಷ ಸಮಯ ಕೊಡಿ, ದುಡ್ಡು ಕೊಡಬೇಡಿ. ಹೇ ಡೇಗೆ ಆ ಅಪಾಯ ಕಡಿಮೆ. ಹೊಸ ಬೆಳೆ, ಹೊಸ ಯಂತ್ರ, ಹೊಸ ಅಲಂಕಾರ ಇವತ್ತಿಗೂ ಬರುತ್ತಲೇ ಇವೆ.

ಕೊರತೆ ಇನ್ನೊಂದಿದೆ, ಅದು ನಮಗೆ ಹತ್ತಿರದ್ದು. ಆಟದ ಭಾಷೆಗಳಲ್ಲಿ ಕನ್ನಡವಿಲ್ಲ. ಲಾರಿಯ ಬೇಡಿಕೆ, ಗಿರಣಿಯ ಲೆಕ್ಕ, ಅಂಗಡಿಯ ಬೆಲೆ ಎಲ್ಲ ಚಿತ್ರ ಮತ್ತು ಅಂಕಿಗಳಲ್ಲೇ ಇರುವುದರಿಂದ ಇಂಗ್ಲಿಷ್ ಓದದವರೂ ಹೊಲದ ಕೆಲಸ ಪೂರ್ತಿ ಮಾಡಬಲ್ಲರು. ಮನೆಯ ಹಿರಿಯರಿಗೆ ಹೇಳಿಕೊಡಲು ಒಂದು ಮಧ್ಯಾಹ್ನ ಸಾಕು. ತೊಡಕು ಬರುವುದು ಡರ್ಬಿಯ ಕೆಲಸದ ವಿವರ, ವಾರದ ವಿಶೇಷಗಳ ನಿಯಮ, ಖರೀದಿಯ ಪ್ರಕಟಣೆ ಓದುವಾಗ. ವಜ್ರ ವ್ಯರ್ಥವಾಗುವುದೂ ಅಲ್ಲೇ. ಅವರಿಗೆ ಆಟ ಹಾಕಿಕೊಡುವ ದಿನವೇ ವಜ್ರದ ಚಿತ್ರವಿರುವ ಗುಂಡಿ ಯಾವುದು, ಅದನ್ನು ಏಕೆ ಒತ್ತಬಾರದು ಎಂದು ತೋರಿಸಿಬಿಡಿ. ಕಾಳು ಹತ್ತು ಉಳಿಸಿ ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ.